ಈ ವಾರ ವೆಂಡೆಲ್ ಯಾರು?

1

ಎಲ್ಲಿಂದ ಶುರು ಮಾಡಲಿ? ಕ್ರೀಡಾಂಗಣದಿಂದ ಶುರು ಮಾಡಿದರೆ ಅಷ್ಟೊಂದು ಸಾವಿರ ಜನರನ್ನು ಮೊದಲ ಸಾಲಿನಲ್ಲೇ ಕೂರಿಸಬೇಕು, ಆಮೇಲೆ ನಿಮಗೂ ನನಗೂ ಮಾತಾಡಲು ಜಾಗ ಇರುವುದಿಲ್ಲ. ಗಾಯದಿಂದ ಶುರು ಮಾಡಿದರೆ ನೀವು ಈಗಲೇ ಕರವಸ್ತ್ರ ಹುಡುಕುತ್ತೀರಿ. ಡಿಸೆಂಬರಿನ ಟೊಲೀಡೊದಲ್ಲಿ ಸರೋವರದ ಕಡೆಯಿಂದ ಬೀಸುವ ಗಾಳಿ... (ಬೇಡ. ಗಾಳಿಯಿಂದ ಶುರುವಾದ ಎಷ್ಟೋ ಕಥೆಗಳನ್ನು ನಾನೇ ಅರ್ಧಕ್ಕೆ ಮುಚ್ಚಿಟ್ಟಿದ್ದೇನೆ.)

ಒಂದು ಅಂಗಿಯಿಂದ ಶುರು ಮಾಡುತ್ತೇನೆ.

ಪ್ರತಿ ಬುಧವಾರ ಬೆಳಿಗ್ಗೆ ವೆಂಡೆಲ್ ಕ್ರೌಡರ್‌ನ ಕಪಾಟಿನಲ್ಲಿ ಒಂದು ಅಂಗಿ ನೇತಾಡುತ್ತಿರುತ್ತದೆ. ಅದರ ಮೇಲಿರುವುದು ಅವನ ನಂಬರಲ್ಲ. ಭಾನುವಾರ ನಮ್ಮ ಟೊಲೀಡೊ ಗ್ಲಾಸ್‌ಮೆನ್ ಯಾವ ಟೀಮಿನ ಎದುರು ಆಡಬೇಕೋ, ಆ ಟೀಮಿನ ಕ್ವಾರ್ಟರ್‌ಬ್ಯಾಕ್‌ನ ನಂಬರು. ಅದನ್ನು ತೊಟ್ಟು ಮೂರು ದಿನ ವೆಂಡೆಲ್ ಆ ಮನುಷ್ಯನಾಗಬೇಕು. ಅವನಂತೆ ನಿಲ್ಲಬೇಕು, ಅವನಂತೆ ಎಸೆಯಬೇಕು. ಹಾಗೆ ಮಾಡಿದರೆ ಎದುರಾಳಿಯನ್ನು ತಡೆಯುವ ನಮ್ಮ ಡಿಫೆನ್ಸಿನ ಹುಡುಗರಿಗೆ ಭಾನುವಾರ ಯಾವುದೂ ಹೊಸದು ಅನ್ನಿಸುವುದಿಲ್ಲ. ಇದು ಎರಡನೆಯ ಕ್ವಾರ್ಟರ್‌ಬ್ಯಾಕ್‌ನ ಕೆಲಸ.

ಅಮೆರಿಕನ್ ಫುಟ್‌ಬಾಲಿನಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಪ್ರತಿ ಸಲವೂ ಚೆಂಡು ಮೊದಲು ಯಾರ ಕೈಗೆ ಬರುತ್ತದೋ ಅವನು, ಅದನ್ನು ಯಾರಿಗೆ ಯಾವಾಗ ಎಸೆಯಬೇಕೆಂದು ತೀರ್ಮಾನಿಸುವವನು. ಉಳಿದವರು ಅವನನ್ನು ಕಾಪಾಡುತ್ತಾರೆ, ಇಲ್ಲವೇ ಕೆಡವುತ್ತಾರೆ. (ಇಷ್ಟು ಗೊತ್ತಿದ್ದರೆ ಸಾಕು. ಇಲ್ಲೇ ಹುಟ್ಟಿ ಬೆಳೆದವರಲ್ಲೂ ಅರ್ಧ ಜನಕ್ಕೆ ಇಷ್ಟೇ ಗೊತ್ತು, ಉಳಿದದ್ದನ್ನು ಕೂಗಿ ತುಂಬಿಸಿಕೊಳ್ಳುತ್ತಾರೆ.)

2

ವೆಂಡೆಲ್‌ಗೆ ಮೂವತ್ತೊಂಬತ್ತು. ಒಂದು ಕಾಲದಲ್ಲಿ ಸ್ಯಾನ್ ಆಂಟೋನಿಯೊದಲ್ಲಿ ಅವನ ನಂಬರ್ ಹನ್ನೊಂದರ ಅಂಗಿಯನ್ನು ಮಕ್ಕಳು ಶಾಲೆಗೆ ಹಾಕಿಕೊಂಡು ಹೋಗುತ್ತಿದ್ದರು. ಈಗ ಟೊಲೀಡೊದಲ್ಲಿ ಎಲ್ಲರೂ ಅವನನ್ನು ಅಜ್ಜ ಎನ್ನುತ್ತಾರೆ. ಮೊದಲನೆಯ ಕ್ವಾರ್ಟರ್‌ಬ್ಯಾಕ್ ಕೇಡನ್ ಒಪೋಕುಗೆ ಇಪ್ಪತ್ತಮೂರು. ಟೀಮಿನ ಭವಿಷ್ಯ ಅವನ ಬಲಗೈಯಲ್ಲಿದೆ ಎಂದು ಬಸ್ಸಿನ ಮೇಲೆಲ್ಲ ಬರೆಸಿದ್ದಾರೆ.

ಮಾಲೊ ಎಂಬ ಬೆಟ್ಟದಂಥ ಡಿಫೆನ್ಸಿನವನು ಪ್ರತಿ ಬುಧವಾರ ಕೇಳುತ್ತಾನೆ.

"ಅಜ್ಜಾ, ಈ ವಾರ ಯಾರು ನೀನು?"

"ಪೋರ್ಟ್‌ಲ್ಯಾಂಡಿನವನು. ಎಸೆಯೋ ಮುಂಚೆ ಬೆರಳು ನೆಕ್ಕೋ ಚಟ. ಹತ್ರ ಬರ್ಬೇಡ, ನಿನ್ನನ್ನೂ ನೆಕ್ಕಿಬಿಟ್ಟೇನು."

"ಹೋದ ವಾರದ ಟಲ್ಸಾದವನೇ ವಾಸಿ. ಅವನು ಬರೀ ಬೈತಿದ್ದ."

"ಅವನು ಬೈದಿದ್ದಲ್ಲ ಕಣೋ, ಅದು ನಾನೇ."

ಒಪೋಕುವಿನ ಕೈಯೂ ಮಾಲೊನ ಡಿಫೆನ್ಸೂ ಸೇರಿ ಟೀಮು ಗೆಲ್ಲುತ್ತಾ ಬಂತು. ಕೊನೆಯ ಭಾನುವಾರ ಲೂಯಿವಿಲ್ ಅನ್ನು ಸೋಲಿಸಿದರೆ ಪ್ಲೇಆಫ್. ಸೋತರೆ ಸೀಸನ್ ಅಲ್ಲಿಗೇ ಮುಗಿಯಿತು, ವೆಂಡೆಲ್‌ನ ಒಪ್ಪಂದವೂ.

2 (ಇನ್ನೊಮ್ಮೆ)

ಮೊದಲ ಕರಡಿನಲ್ಲಿ ಇಲ್ಲೊಂದು ವಾಕ್ಯವಿತ್ತು: "ಹುಡುಗನ ಒಂದೊಂದು ಎಸೆತವೂ ವೆಂಡೆಲ್‌ನ ಎದೆಯಲ್ಲಿ ಮುಳ್ಳಿನಂತೆ ನಾಟುತ್ತಿತ್ತು." ಬರೆದು ಇನ್ನೂ ಪೂರ್ಣವಿರಾಮ ಹಾಕಿರಲಿಲ್ಲ.

"ಏನ್ರೀ ರೈಟರೇ, ಯಾರಿಗೆ ಮುಳ್ಳು?" ಎಂದ ವೆಂಡೆಲ್.

"ನಿಮಗೆ. ಹೊಟ್ಟೆಕಿಚ್ಚು ಇಲ್ಲದೆ ಕಥೆ ನಡೆಯುವುದಿಲ್ಲ."

"ಆ ಹುಡುಗನ ಎಸೆತ ನೋಡಿದೀರಾ? ಹೊಟ್ಟೆಕಿಚ್ಚು ಪಡೋಕೂ ಒಂದು ಅಳತೆ ಇರತ್ತೆ. ನಿಮ್ಮ ಬೀದಿ ಕೊನೇಲಿ ಹೊಸ ಸೇತುವೆ ಕಟ್ಟಿದ್ರೆ ನೀವು ಅದರ ಮೇಲೆ ಹೊಟ್ಟೆಕಿಚ್ಚು ಪಡ್ತೀರಾ?"

ವಾಕ್ಯ ಹೊಡೆದುಹಾಕಿದೆ. (ಪಕ್ಕದ ಕೋಣೆಯಲ್ಲಿ ಮಲಗಿದ್ದವರು ಕೆಮ್ಮಿದ ಸದ್ದಾಯಿತು. ಹೋಗಿ ಹೊದಿಕೆ ಸರಿಮಾಡಿ ಬಂದೆ. ಬರುವಷ್ಟರಲ್ಲಿ ಒಪೋಕುವಿನ ಮೂಳೆ ಮುರಿದಿತ್ತು. ಆಣೆ ಮಾಡಿ ಹೇಳುತ್ತೇನೆ, ಮುರಿದದ್ದು ನಾನಲ್ಲ.)

3

ಎಡ ಹೆಗಲ ಬಳಿಯ ಕೊರಳೆಲುಬು. ಪೋರ್ಟ್‌ಲ್ಯಾಂಡ್ ಎದುರಿನ ಆಟದ ಕೊನೆಯಲ್ಲಿ, ಗೆದ್ದೇಬಿಟ್ಟಿದ್ದಾಗ.

ಆ ಬುಧವಾರ ವೆಂಡೆಲ್‌ನ ಕಪಾಟಿನಲ್ಲಿ ಅವನದೇ ಅಂಗಿ ಇತ್ತು. ನಂಬರ್ ಹನ್ನೊಂದು. ತೊಟ್ಟುಕೊಂಡು ಮೈದಾನಕ್ಕೆ ಇಳಿದ. ಮೊದಲ ಚೆಂಡು ಎಸೆದ.

"ಪೋರ್ಟ್‌ಲ್ಯಾಂಡ್!" ಎಂದು ಮಾಲೊ ಗೆರೆಯಾಚೆಯಿಂದ ಕೂಗಿದ. ಎಲ್ಲರೂ ನಕ್ಕರು. ವೆಂಡೆಲ್ ಬೆರಳು ನೆಕ್ಕಿದ್ದ.

ಎರಡನೆಯದು ಎಸೆದ.

"ಟಲ್ಸಾ!"

ಮೂರನೆಯದಕ್ಕೆ ಮಾಲೊ ಕೂಗಲಿಲ್ಲ, ಯಾರೂ ನಗಲೂ ಇಲ್ಲ. ಎಸೆತಗಳಲ್ಲಿ ತಪ್ಪೇನೂ ಇರಲಿಲ್ಲ, ಆದರೆ ಒಂದೊಂದೂ ಒಬ್ಬೊಬ್ಬರದು. ಚೆಂಡು ಹಿಡಿಯುವ ಹುಡುಗರಿಗೆ ಅದು ಯಾವ ಕ್ಷಣದಲ್ಲಿ ವೆಂಡೆಲ್‌ನ ಕೈಯಿಂದ ಹೊರಡುತ್ತದೆಂದೇ ತಿಳಿಯುತ್ತಿರಲಿಲ್ಲ. ಅರ್ಧದಷ್ಟು ನೆಲಕ್ಕೆ ಬಿದ್ದವು.

ಕೋಚ್ ಝಬೋರ್ಸ್ಕಿ ಹತ್ತಿರ ಬಂದ. ಅವನು ಮೆಲ್ಲಗೆ ಮಾತಾಡುವುದು ಕಂಗಾಲಾದಾಗ ಮಾತ್ರ.

"ವೆಂಡೆಲ್, ನಂಗೆ ನೀನು ಬೇಕು."

"ಹುಡುಕ್ತಾ ಇದೀನಿ ಕೋಚ್."

"ಭಾನುವಾರದೊಳಗೆ ಸಿಗ್ತೀಯಾ?"

"ಎಲ್ಲಿ ಇಟ್ಟಿದೀನಿ ಅಂತ ಜ್ಞಾಪಕ ಬಂದ್ರೆ."

4

ಇಲ್ಲಿ ಕಥೆಗಾರರು ಸಾಮಾನ್ಯವಾಗಿ ನಾಯಕನನ್ನು ಕನ್ನಡಿಯ ಮುಂದೆ ನಿಲ್ಲಿಸುತ್ತಾರೆ. ನಾನೂ ನಿಲ್ಲಿಸಿದೆ. ವೆಂಡೆಲ್ ಗಡ್ಡ ನೋಡಿಕೊಂಡು ಹೊರಟುಹೋದ.

ಅವನಿಗೆ ಸಿಕ್ಕಿದ್ದು ಒಪೋಕು. ಎಡಗೈಯನ್ನು ಎದೆಗೆ ಕಟ್ಟಿಸಿಕೊಂಡು, ಖಾಲಿ ಪ್ರಾಕ್ಟೀಸ್ ಮೈದಾನದಲ್ಲಿ ಬಲಗೈಯಲ್ಲೊಂದು ಚೆಂಡು ಹಿಡಿದು ಕಾಯುತ್ತಿದ್ದ.

"ಅಜ್ಜಾ, ಇಲ್ಲಿ ಬಾ. ನಿನ್ನನ್ನ ತೋರಿಸ್ತೀನಿ."

"ಏನು?"

"ಐದನೇ ಕ್ಲಾಸಲ್ಲಿ ನಮ್ಮ ತಮ್ಮ ಟಲ್ಸಾದವನಾಗ್ತಿದ್ದ, ನಾನು ನೀನಾಗ್ತಿದ್ದೆ. ಹಿತ್ತಲಲ್ಲಿ ದಿನಾ ಇದೇ ಆಟ. ನೋಡು." ಗದ್ದ ಎದೆಗೆ ತಂದ. ಬೆನ್ನು ಸ್ವಲ್ಪ ಬಾಗಿಸಿದ. ಬಲಗಾಲಿನ ಹಿಮ್ಮಡಿ ಎತ್ತಿದ. "ಹೀಗೆ. ಎಸೆಯೋ ಮುಂಚೆ ಎಡಗೈಯಿಂದ ಚೆಂಡಿಗೆ ಎರಡು ಸಲ ತಟ್ಟು. ನನ್ನ ಎಡಗೈ ಕಟ್ಟಿದಾರೆ, ಅದೊಂದನ್ನ ನೀನೇ ತಟ್ಕೋ."

"ನಾನು ಇಷ್ಟು ಕೆಟ್ಟದಾಗಿ ನಿಲ್ತಿದ್ನೇನೋ?"

"ಇದಕ್ಕಿಂತ ಕೆಟ್ಟದಾಗಿ. ನಾನು ಸ್ವಲ್ಪ ತಿದ್ದಿದೀನಿ."

"ತಿದ್ದಬೇಡ ಮರಿ. ಇದ್ದಂಗೇ ತೋರ್ಸು."

ಒಪೋಕು ತೋರಿಸಿದ. ವೆಂಡೆಲ್ ನೋಡಿದ, ನಿಂತ, ತಟ್ಟಿದ, ಎಸೆದ. ಮತ್ತೆ ಎಸೆದ. ಹುಡುಗ "ಅಲ್ಲ" ಎನ್ನುತ್ತಿದ್ದ, ಇವನು ಚೆಂಡು ಹೆಕ್ಕಿ ತರುತ್ತಿದ್ದ. ದೀಪ ಹಾಕುವ ಹೊತ್ತಾದರೂ ಇಬ್ಬರೂ ಒಳಗೆ ಹೋಗಲಿಲ್ಲ. ಎಷ್ಟೋ ಹೊತ್ತಿನ ಮೇಲೆ ಒಂದು ಚೆಂಡು ಹೋಗಬೇಕಾದ ಹಾಗೆ ಹೋಯಿತು. ಅದನ್ನು ಒಪೋಕು ತಾನೇ ಹೋಗಿ ಹೆಕ್ಕಿಕೊಂಡು ಬಂದ.

5

ಈಗ ತೊಡಕಿಗೆ ಬರುತ್ತೇನೆ. ನಿಮಗೂ ಹೊಳೆದಿರಬೇಕು.

ಅದೇ ವಾರ ಲೂಯಿವಿಲ್‌ನಲ್ಲೂ ಒಬ್ಬ ಎರಡನೆಯ ಕ್ವಾರ್ಟರ್‌ಬ್ಯಾಕ್ ಇದ್ದಾನಲ್ಲ? ಅವನ ಕಪಾಟಿನಲ್ಲೂ ಆ ಬುಧವಾರ ನಂಬರ್ ಹನ್ನೊಂದೇ ನೇತಾಡುತ್ತಿತ್ತು. ಅವನೂ ಹಳೆಯ ವಿಡಿಯೊ ನೋಡಿ ಗದ್ದ ಎದೆಗೆ ತರುತ್ತಿದ್ದ, ಚೆಂಡಿಗೆ ಎರಡು ಸಲ ತಟ್ಟುತ್ತಿದ್ದ. ಎರಡು ತಟ್ಟಿದ ಮೇಲೆ ಚೆಂಡು ಹೊರಡುತ್ತದೆಂದು ಅಲ್ಲಿಯ ಡಿಫೆನ್ಸಿಗೆ ಬಾಯಿಪಾಠವಾಗುತ್ತಿತ್ತು. ವೆಂಡೆಲ್ ವೆಂಡೆಲ್ ಆದಷ್ಟೂ ಅವರಿಗೆ ಅನುಕೂಲ.

ನನಗೊಂದು ಉಪಾಯ ಹೊಳೆಯಿತು. (ಎಷ್ಟು ಖುಷಿಯಾಯಿತೆಂದರೆ ಎದ್ದು ಕಾಫಿ ಮಾಡಿಕೊಂಡೆ.) ಒಂದು ಎಸೆತಕ್ಕೆ ಪೋರ್ಟ್‌ಲ್ಯಾಂಡ್, ಇನ್ನೊಂದಕ್ಕೆ ಟಲ್ಸಾ, ಮತ್ತೊಂದಕ್ಕೆ ಮತ್ತೊಬ್ಬ! ಬರೀ ಉದ್ಧರಣೆಗಳಿಂದಲೇ ಮಾಡಿದ ಆಟಗಾರ. ಹಿಡಿಯುವ ನಮ್ಮ ಹುಡುಗರು ಉಳಿದ ಎರಡು ದಿನ ಕಷ್ಟಪಟ್ಟು ಕಲಿಯಲಿ. ಲೂಯಿವಿಲ್‌ನವರು ತಲೆ ಕೆರೆದುಕೊಳ್ಳುತ್ತಾರೆ, ವಿಮರ್ಶಕರು ಇಷ್ಟಪಡುತ್ತಾರೆ.

ಕೋಚ್ ಝಬೋರ್ಸ್ಕಿಗೂ ಇದು ಹಿಡಿಸಿತು. ಶುಕ್ರವಾರ ಅವನೇ ಹೇಳಿದ. ವೆಂಡೆಲ್ ಬೂಟಿನ ದಾರ ಕಟ್ಟುತ್ತಾ ಕೇಳಿಸಿಕೊಂಡ.

"ಇಲ್ಲ."

"ಯಾಕೋ? ಅವರ ಥರ ಎಸೆಯುವಾಗ ನೀನು ಅವರಿಗಿಂತ ಚೆನ್ನಾಗಿ ಎಸೀತೀಯ!"

"ಅದೇ ಕೋಚ್. ಬೇರೆಯವರ ಅಂಗೀಲಿ ಚೆಂಡು ಎಲ್ಲಿಗೆ ಹೋದ್ರೂ ನಂಗೇನು? ತಪ್ಪಿದ್ರೆ ಪೋರ್ಟ್‌ಲ್ಯಾಂಡಿನವನ ತಪ್ಪು, ಟಲ್ಸಾದವನ ತಪ್ಪು. ಅದಕ್ಕೇ ಕೈ ಅಷ್ಟು ಹಗುರ. ಇಡೀ ಸೀಸನ್ ಹಾಗೇ ಎಸೆದೆ, ಸಾಕು. ಈ ಭಾನುವಾರ ತಪ್ಪಿದ್ರೆ ಅದು ನಂದೇ ಆಗ್ಬೇಕು."

"ಟೀಮಿನ ಸೀಸನ್ ಇದು, ನಿನ್ನೊಬ್ಬಂದಲ್ಲ."

"ನಮ್ಮ ಹುಡುಗರಿಗೆ ಚೆಂಡು ಎಲ್ಲಿಂದ ಬರತ್ತೆ ಅಂತ ಗೊತ್ತಿರ್ಬೇಕು. ಒಬ್ಬನೇ ಮನುಷ್ಯನಿಂದ ಬಂದ್ರೆ ಹಿಡೀತಾರೆ. ಲೂಯಿವಿಲ್‌ನೋರಿಗೂ ಗೊತ್ತಾಗತ್ತೆ, ಆಗ್ಲಿ. ಗೊತ್ತಾಗೋದು ಬೇರೆ, ತಡೆಯೋದು ಬೇರೆ."

ಕೋಚ್ ನನ್ನ ಕಡೆ ನೋಡಿದ. ನಾನು ಕಾಫಿ ಲೋಟದೊಳಗೆ ನೋಡಿಕೊಂಡೆ.

6

ಮುಕ್ತಾಯಗಳು. ಮೂರು ತಯಾರಿದ್ದವು.

ಅ) ಗೆಲುವು. ಹೆಗಲ ಮೇಲೆ ಹೊತ್ತು ಮೆರವಣಿಗೆ. (ನಿಮಗೂ ಬೇಡ, ನನಗೂ ಬೇಡ.)

ಆ) ಸೋಲು. ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು, ಖಾಲಿ ಕ್ರೀಡಾಂಗಣದಲ್ಲಿ ಒಬ್ಬನೇ ನಡೆಯುವ ಬೆನ್ನು. (ಇಂಥ ಬೆನ್ನುಗಳನ್ನು ಸಾಕಷ್ಟು ನೋಡಿದ್ದೇವೆ.)

ಇ) ಗೆದ್ದನೋ ಸೋತನೋ ತೋರಿಸದೆ, ಅಪ್ಪ ಆಡುವುದನ್ನು ಒಮ್ಮೆಯೂ ನೋಡಿರದ ಹತ್ತು ವರ್ಷದ ಮಗಳು ಮಾರ್ನಿಯ ಮುಖ ಮಾತ್ರ ತೋರಿಸುವುದು. ಇದು ನನಗೆ ಇಷ್ಟವಾಗಿತ್ತು. ಅವಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಉಣ್ಣೆಯ ಟೋಪಿಯನ್ನೂ ಹಾಕಿಸಿದ್ದೆ.

"ಅವಳನ್ನ ಎಬ್ಬಿಸಿ ಕಳಿಸಿ," ಎಂದ ವೆಂಡೆಲ್.

"ಒಂದೇ ಒಂದು ಸಾಲು. ಅವಳ ಕಣ್ಣಲ್ಲಿ ನೀರು ತರಿಸುವುದಿಲ್ಲ."

"ಭಾನುವಾರ ಅವಳಿಗೆ ಈಜು ಸ್ಪರ್ಧೆ ಇದೆ. ಅವಳದ್ದೂ ಒಂದು ಆಟ ರೈಟರೇ. ನನ್ನ ಕಥೆ ಒದ್ದೆ ಮಾಡೋಕೆ ಅವಳನ್ನ ಯಾಕೆ ಕರೀತೀರಾ? ನಿಮ್ಮ ಮನೇಲಿ ಮಲಗಿರೋರನ್ನ ಹೀಗೆ ಎಬ್ಬಿಸ್ತೀರಾ?"

ಎಬ್ಬಿಸುವುದಿಲ್ಲ. ಮಾರ್ನಿಯ ಟೋಪಿ ತೆಗೆದು, ಈಜುಕೊಳಕ್ಕೆ ಕಳಿಸಿಕೊಟ್ಟೆ.

7

ಭಾನುವಾರ. ಮೊದಲರ್ಧ ಕೆಟ್ಟದಾಗಿತ್ತು. ವೆಂಡೆಲ್ ತಟ್ಟಿದ ಕೂಡಲೇ ಲೂಯಿವಿಲ್‌ನವರು ಕೈ ಎತ್ತಿ ಜಿಗಿಯುತ್ತಿದ್ದರು. ಎರಡು ಎಸೆತಗಳನ್ನು ಅವರೇ ಹಿಡಿದು ಓಡಿದರು. ನಮ್ಮೂರಿನವರೇ "ಅಜ್ಜನ್ನ ಮನೆಗೆ ಕಳಿಸಿ" ಎಂದು ಕೂಗಿದರು. ಮಧ್ಯಂತರದಲ್ಲಿ ನಾನು ಬಟ್ಟೆ ಬದಲಿಸುವ ಕೋಣೆಯ ಬಾಗಿಲಲ್ಲಿ ತಲೆ ಹಾಕಿದೆ.

"ಒಂದೇ ಒಂದು ಸಲ ಟಲ್ಸಾ?" ಎಂದೆ.

"ಆ ಎರಡೂ ನಂದೇ," ಎಂದ ವೆಂಡೆಲ್ ತೊಡೆಗೆ ಐಸ್ ಒತ್ತಿಕೊಂಡು. ಅವನ ಮುಖದಲ್ಲಿ ನಾಚಿಕೆ ಇರಲಿಲ್ಲ. ವಿಚಿತ್ರವೆಂದರೆ ಒಂದು ಥರದ ಹಸಿವಿತ್ತು.

"ಅಜ್ಜಾ," ಎಂದ ಮಾಲೊ ಆಚೆ ಬೆಂಚಿನಿಂದ. "ನಾವು ಅವರನ್ನ ಅಲ್ಲೇ ಹಿಡ್ಕೊಂಡಿರ್ತೀವಿ. ನೀನು ಎಸೀತಾ ಇರು."

ಮಾಲೊ ಮಾತು ಉಳಿಸಿಕೊಂಡ. ವೆಂಡೆಲ್ ಎಸೆಯುತ್ತಲೇ ಇದ್ದ. ಪ್ರತಿ ಸಲವೂ ಗದ್ದ ಕೆಳಗೆ, ಎರಡು ತಟ್ಟು, ಅಡಗಿಸುವ ಗೋಜೇ ಇಲ್ಲ. ಕೆಡವಿದರು, ಎದ್ದ. ಮತ್ತೆ ಕೆಡವಿದರು, ಹೆಲ್ಮೆಟ್ಟಿನೊಳಗಿನ ಹುಲ್ಲು ಉಗಿದು ಎದ್ದ. ಆಟದ ಮೂರನೆಯ ಕಾಲುಭಾಗ ಮುಗಿಯುವ ಹೊತ್ತಿಗೆ ಚೆಂಡುಗಳು ಜಿಗಿಯುವ ಕೈಗಳಿಗಿಂತ ಒಂದು ಬೆರಳು ಮೇಲೆ ಹೋಗತೊಡಗಿದವು. ನಮ್ಮ ಹುಡುಗರು ತಿರುಗಿ ನೋಡದೆಯೇ ಕೈ ಚಾಚುತ್ತಿದ್ದರು. ಅಂಕಗಳ ಅಂತರ ಕರಗಿತು. ಪೂರ್ತಿ ಕರಗಲಿಲ್ಲ.

8

ಕೊನೆಯ ಪ್ರಯತ್ನ. ನಾವು ನಾಲ್ಕು ಅಂಕ ಹಿಂದೆ. ಅಂಕದ ಗೆರೆ ಎಂಟು ಗಜ ಮುಂದೆ. ದಾಟಿದರೆ ಆರು ಅಂಕ, ಪ್ಲೇಆಫ್. ಇಲ್ಲದಿದ್ದರೆ ಇಲ್ಲ.

ಆಟಗಾರರು ವೃತ್ತವಾಗಿ ಬಾಗಿ ನಿಂತರು. ಬಾಯಿಯ ಹಬೆ ಒಂದೇ ಮೋಡವಾಗಿತ್ತು. ಯಾರಿಗೆ ಎಸೆಯುತ್ತಾನೆಂದು ಕೇಳಿಸಿಕೊಂಡು ನಿಮಗೆ ಹೇಳಬೇಕಲ್ಲ? ನಾನೂ ತಲೆ ತೂರಿಸಿದೆ. ವೆಂಡೆಲ್ ಬಾಯಿ ತೆರೆದವನು ನಿಲ್ಲಿಸಿದ. ತಲೆಗಳನ್ನು ಎಣಿಸಿದ.

"ಹನ್ನೆರಡು. ಯಾರು ಹೆಚ್ಚು?"

ಎಲ್ಲರೂ ನನ್ನ ಕಡೆ ತಿರುಗಿದರು.

"ಆಚೆ ಹೋಗ್ರೀ ರೈಟರೇ! ಹನ್ನೆರಡು ಜನ ಇದ್ರೆ ರೆಫರಿ ಹಳದಿ ಬಾವುಟ ಎಸೀತಾನೆ, ಐದು ಗಜ ಹಿಂದಕ್ಕೆ ಹಾಕ್ತಾನೆ!"

"ಮುಕ್ತಾಯ ಬೇಕಲ್ಲ, ಓದುವವರು ಕಾಯುತ್ತಿದ್ದಾರೆ..."

"ಅವರನ್ನೂ ಒಳಗೆ ಕರ್ಕೊಂಡು ಬಂದಿದೀರಾ?" ಅವನು ನಿಜವಾಗಿಯೂ ಗಾಬರಿಯಾದ. "ಅಯ್ಯೋ, ಎಲ್ಲರೂ ಓಡಿ! ಗಡಿಯಾರ ಓಡ್ತಾ ಇದೆ!"

ಓಡಿದೆವು. ನೀವೂ ನಾನೂ. ಏದುಸಿರು ಬಿಡುತ್ತಾ ಮೈದಾನದ ಅಂಚಿನ ಗೆರೆ ದಾಟಿ ಒಪೋಕುವಿನ ಪಕ್ಕ ನಿಂತೆವು. ನಮ್ಮ ಮುಂದೆ ಮಾಲೊನ ಬೆನ್ನು, ಅದರಾಚೆ ಇನ್ನಷ್ಟು ಬೆನ್ನುಗಳು. ನನಗೆ ಮೈದಾನ ಕಾಣಿಸುವುದಿಲ್ಲ. ಒಪೋಕು ಎತ್ತರದ ಹುಡುಗ, ಅವನಿಗೆ ಕಾಣಿಸುತ್ತದೆ.

"ಯಾರ ಥರ ನಿಂತಿದ್ದಾನೆ?" ಎಂದು ಕೇಳಿದೆ.

"ಶ್ಶ್," ಎಂದ ಒಪೋಕು. "ಯಾರ ಥರಾನೂ ಅಲ್ಲ. ನಾನು ತೋರಿಸಿದ ಹಾಗೂ ಅಲ್ಲ."

ಗೆರೆಯ ಹೊರಗೆ ನಿಂತು ಬರೆಯಬಹುದಾದದ್ದು ಇಷ್ಟೇ. ಒಳಗೆ ಹನ್ನೊಂದೇ ಜನ ಇದ್ದಾರೆ. ಬಾವುಟ ಬಿದ್ದಿಲ್ಲ.