ಉಡಿಗೆ ಹುಲಿಪಟ್ಟಿ ಬೀಜ

ಸಪ್ನಾ ಕರಣಿಯ ತುದಿಯಿಂದ ಗೋಡೆಯ ಮೇಲಿನ ಸಗಣಿ ಬಿಲ್ಲೆಗಳನ್ನು ಎಬ್ಬಿಸುತ್ತಿದ್ದಳು. ಒಂದೊಂದರ ಮೇಲೂ ಅವ್ವನ ಐದು ಬೆರಳು ಮೂಡಿದ್ದವು. ಒಳಗೆ, ಹುಳ ಬೀಳದಂತೆ ಅವ್ವ ಹುದುಗಿಸಿಟ್ಟ ಹುಲಿಪಟ್ಟಿ ಕರಬೂಜದ ಬೀಜ. ಅವಳ ಬೆನ್ನ ಹಿಂದೆ, ಮುಂಬಯಿಯ ಪವಾಯಿಯಲ್ಲಿದ್ದ ಜೋಪಡಿಯ ನಟ್ಟನಡುವೆ, ಅವ್ವ ಮಲ್ಲಕ್ಕ ಹಸಿರು ಸೀರೆ ಉಟ್ಟು ಮಲಗಿದ್ದಳು. ಹಣೆತುಂಬ ಕುಂಕುಮ.

“ಎಲ್ಲಾ ಕೀಳವ್ವಾ, ಒಂದೂ ಉಳಸಬ್ಯಾಡ,” ಎಂದಳು ಸೋದರತ್ತೆ ಲಕ್ಷ್ಮವ್ವ. “ಅಕ್ಕಿ ಬ್ಯಾಡ, ನನ್ನ ಉಡಿಗೆ ಬೀಜಾನ ತುಂಬ್ರಿ ಅಂದಾಳ. ಮುತ್ತೈದಿ ಮಾತು ಮುರದ್ರ ಕಾಡ್ತಾಳ.”

“ಲೇಕಿನ್ ಅತ್ತಿ, ಊರಾಗ ಯಾರ ಹತ್ರಾನೂ ಇದು ಇಲ್ಲ. ಇದು ಖತಮ್ ಆದ್ರ, ಬಸ್, ಖತಮ್.”

“ಆಗ್ಲಿ. ಬಿತ್ತಾಕ ನೀ ಝಾಡು ಹೊಡಿಯೋ ಬಿಲ್ಡಿಂಗಿನ ಲಿಫ್ಟಿನಾಗ ಹೊಲ ಐತೇನು?”

ಮೂಲೆಯಲ್ಲಿ ಕುಳಿತಿದ್ದ ಅಪ್ಪ ಖಂಡಪ್ಪ ತಲೆ ಎತ್ತಲಿಲ್ಲ. “ಆಕಿ ಹೇಳಿದಂಗ ಮಾಡ್ರಿ. ಇದ್ದಾಗ ಯಾರೂ ಆಕಿ ಮಾತು ಕೇಳ್ಲಿಲ್ಲ. ನಾನೂ ಕೇಳ್ಲಿಲ್ಲ.”

*

ಹುಲಿಪಟ್ಟಿ ಭೀಮಾ ನದಿಯ ಉಸುಕಿನ ಹಣ್ಣು. ಬೇಸಿಗೆಗೆ ನೀರು ಸರಿದಾಗ ಉಸುಕಿನಲ್ಲಿ ಗುಣಿ ತೋಡಿ ಬಿತ್ತುತ್ತಿದ್ದರು. ಹೊಲವಿಲ್ಲದವರ ಹೊಲ ಅದು. ಬೀಜ ಮಾತ್ರ ತಾಯಿಯ ಉಡಿಯಿಂದ ಮಗಳ ಉಡಿಗೆ. ಮಲ್ಲಕ್ಕನಿಗೂ ಮದುವೆಯಲ್ಲಿ ಹಾಗೇ ಬಂದಿತ್ತು. ಆಮೇಲೆ ಲಾರಿಗಳು ಬಂದವು. ನದಿಯನ್ನು ಬಗೆದು ಮಾರಿದವರಿಗೆ ಮಾಳಿಗೆಯಾಯಿತು, ಬಿತ್ತುತ್ತಿದ್ದವರಿಗೆ ಮುಂಬಯಿಯಾಯಿತು.

ಪವಾಯಿಯಲ್ಲಿ ಕಟ್ಟಡದ ಕೆಲಸಕ್ಕೆ ಬುಟ್ಟಿ ಹೊರುತ್ತಿದ್ದಾಗ ಒಂದು ದಿನ ಮಲ್ಲಕ್ಕ ಮುಷ್ಟಿ ಉಸುಕು ಹಿಡಿದು ಮೂಸಿದಳು. “ಇದು ನಮ್ಮ ಹೊಳಿ ಉಸುಕ.”

“ಉಸುಕಿನ ಮ್ಯಾಲ ಹೆಸರ ಬರದಿರ್ತೈತೇನ, ಹುಚ್ಚಿ?” ಖಂಡಪ್ಪ ನಕ್ಕಿದ್ದ.

ಅವಳು ರಾಶಿಯ ಅಂಚಿಗೆ ಬೀಜ ಊರಿದಳು. ಕೆಲಸ ನಿಂತಿದ್ದ ಆ ಬೇಸಿಗೆಯಲ್ಲಿ ಬಳ್ಳಿ ಹಬ್ಬಿತು, ಹಳದಿ ಹೂ ಬಿಟ್ಟಿತು, ಹೂವಿನ ಬುಡದಲ್ಲಿ ಪಟ್ಟೆ ಮೂಡಿದ ಎಳೆಗಾಯಿ. ಕೆಲಸ ಮತ್ತೆ ಶುರುವಾದ ಬೆಳಿಗ್ಗೆ ಕೂಲಿಯಾಳುಗಳ ಮುಕಾದಮ ಕೂಗಿದ. ಉಸುಕು, ಬಳ್ಳಿ, ಕಾಯಿ ಒಟ್ಟಿಗೇ ಮಿಕ್ಸರಿಗೆ ಹೋದವು. ಬುಟ್ಟಿ ಹೊತ್ತವಳು ಮಲ್ಲಕ್ಕನೇ.

ಮುಂದೆ ಆ ಕಟ್ಟಡ ದಾಟುವಾಗೆಲ್ಲ ಗೋಡೆಗೆ ಕಿವಿ ಇಡುತ್ತಿದ್ದಳು. “ಒಳಗ ಹಬ್ಬಾಕತ್ತೈತಿ, ಕೇಳ.” ವಾಚ್‌ಮನ್ ನೋಡುತ್ತಾನೆಂದು ಸಪ್ನಾ ನಾಚಿ ಮುಂದೆ ನಡೆಯುತ್ತಿದ್ದಳು.

ಜೋಪಡಿಯ ಹಿಂದೆ ಡಬ್ಬಿಯಲ್ಲಿ ವರ್ಷಕ್ಕೊಂದು ಬಳ್ಳಿ, ಬೀಜಕ್ಕೆಂದೇ ಒಂದು ಹಣ್ಣು. ಹೋದ ಬೇಸಿಗೆಯ ಹಣ್ಣಿಗೆ ವಾಸನೆಯೇ ಇರಲಿಲ್ಲ. ಮಲ್ಲಕ್ಕ ಬಹಳ ಹೊತ್ತು ಅದನ್ನು ಮೂಸಿದಳು. “ಉಸುಕ ಗ್ವಾಡಿ ಸೇರಿದ ಮ್ಯಾಲ ಬೀಜ ಯಾರಿಗೆ? ನನ್ನ ಕೂಡ ಬರ್ಲಿ.”

*

ಸ್ಮಶಾನದಲ್ಲಿ ಬೆಂಕಿ ಉಡಿಯನ್ನು ಮುಟ್ಟಿದಾಗ ಬಿಲ್ಲೆಗಳೊಳಗಿನ ಬೀಜಗಳು ಸಿಡಿದವು. ಚಟ್. ಚಟ್. ನದಿಯನ್ನು ಮಾರಿದವರಲ್ಲಿ ಒಬ್ಬನೂ ಆ ಸದ್ದು ಕೇಳಲು ಅಲ್ಲಿರಲಿಲ್ಲ.

ಖಂಡಪ್ಪ ಮೂಗು ಎತ್ತಿದ. “ಲಕ್ಷ್ಮೀ, ಹಣ್ಣಿನ ವಾಸನಿ ಬಂತೇನ?”

“ಕಟಗಿ ವಾಸನಿ ಯಣ್ಣಾ,” ಎಂದಳು ಲಕ್ಷ್ಮವ್ವ, ಸೆರಗನ್ನು ಮೂಗಿಗೆ ಒತ್ತಿಕೊಂಡು.

ಸಪ್ನಾ ಸೊಂಟಕ್ಕೆ ಬಿಗಿದ ಓಢಣಿಯ ಗಂಟನ್ನು ಮುಟ್ಟಿ ನೋಡಿಕೊಂಡಳು. ಅದರೊಳಗೆ ಒಂದು ಬಿಲ್ಲೆ ಇತ್ತು.

ಮನೆಗೆ ಬಂದು ಮಿಂದವಳೇ ಬೋಗುಣಿಗೆ ನೀರು ತುಂಬಿದಳು. ಬಿಲ್ಲೆ ಕರಗದೆ ಬೀಜ ಸಿಗುವುದಿಲ್ಲ; ಕರಗಿದರೆ ಅವ್ವನ ಕೈ ಉಳಿಯುವುದಿಲ್ಲ. ಆ ಗುರುತಿನ ಮೇಲೆ ತನ್ನ ಅಂಗೈ ಇಟ್ಟು ನೋಡಿ, ತೆಗೆದಳು.

ಬಾಗಿಲಲ್ಲಿ ಲಕ್ಷ್ಮವ್ವ ನಿಂತಿದ್ದಳು. “ಕಾಡ್ತಾಳ, ನೋಡ.”

“ಕಾಡ್ಲಿ, ಅತ್ತಿ.”

ಸಪ್ನಾ ಬಿಲ್ಲೆಯನ್ನು ನೀರಿಗೆ ಇಳಿಬಿಟ್ಟಳು. ಹೆಬ್ಬೆರಳು ಮೊದಲು ಕರಗಿತು. ಕಿರುಬೆರಳು ಬಹಳ ಹೊತ್ತು ಹಿಡಿದುಕೊಂಡೇ ಇತ್ತು. ಜೊಳ್ಳು ಮೇಲೆ ತೇಲಿತು. ಗಟ್ಟಿ ಬೀಜಗಳು ಬೆರಳುಗಳಿದ್ದ ಜಾಗದಿಂದ ಬಿಡಿಸಿಕೊಂಡು, ಕದಡಿದ ನೀರಿನಲ್ಲಿ ಒಂದೊಂದಾಗಿ ತಳಕ್ಕೆ ಇಳಿದವು.