ಗೋಡೆಯ ಮೇಲಿನ ಹೆಸರು

ತಾವರಗೇರಾದಲ್ಲಿ ಬರೆದವನು ಸೊರಗಿದರೆ ಅವನ ಅಕ್ಷರಗಳೂ ಮಸುಕಾಗುತ್ತವೆ, ಸತ್ತರೆ ಅಳಿಯುತ್ತವೆ. ಅದಕ್ಕೇ ದುಡಿಯಲು ದೂರ ಹೋಗುವವರು ಮನೆಯ ಗೋಡೆಯ ಮೇಲೆ ಇದ್ದಿಲಿನಿಂದ ಹೆಸರು ಬರೆದು ಹೋಗುತ್ತಾರೆ. ಬೋರ್‌ವೆಲ್ ಲಾರಿಯ ಜೊತೆ ಹೋಗಿದ್ದ ಯಂಕೇಶನ ಹೆಸರು ಆ ಬೆಳಿಗ್ಗೆ ಅವನ ಹೆಂಡತಿ ದುರ್ಗಾದೇವಿಯ ಕಣ್ಣೆದುರೇ ಮಾಯವಾಯಿತು. ವಿಧವೆಯನ್ನು ತವರಿಗೆ ಅಟ್ಟಿ, ಮಗುವನ್ನು ಗಂಡನ ಮನೆಯವರು ಇಟ್ಟುಕೊಳ್ಳುವುದು ಅಲ್ಲಿನ ರೂಢಿ. ತೊಟ್ಟಿಲಲ್ಲಿ ಅವಳ ಮಗು ಮಲಗಿತ್ತು. ಅವಳು ಒಲೆಯಿಂದ ಇದ್ದಿಲು ತಂದು, ಅದೇ ಜಾಗದಲ್ಲಿ ಹೆಸರನ್ನು ತಾನೇ ಬರೆದಳು.

ಅತ್ತೆ ಮುದಕಮ್ಮ ಬಂದು ಗೋಡೆ ನೋಡಿ ನಕ್ಕಳು. "ಎಷ್ಟ ಕಪ್ಪಗ ಕಾಣತೈತಿ ನೋಡವಾ! ನನ್ನ ಮಗ ಭಾಡ್ಯಾಗ ಛಲೋ ಮೈ ಬಂದೈತಿ. ನಾಗರ ಪಂಚಮಿಗೆ ಬರ್ಲಿ, ಎರಡ ಶೇಂಗಾ ಉಂಡಿ ಕಡಿಮಿ ಹಾಕೂಣು."

"ಹೂಂನ್ರಿ ಅತ್ತಿ," ಎಂದಳು ದುರ್ಗಾದೇವಿ.

ಆ ಮನೆಯಲ್ಲಿ ಅವಳು ಇನ್ನು ಅಳುವಂತಿರಲಿಲ್ಲ.