ಗೇಟಿನಾಚೆಯ ಕೋಚು

ಕುರ್ಚಿ ಎಳೆಯುತ್ತಿದ್ದ ಮಗಳ ಕೈ ಅರ್ಧಕ್ಕೇ ನಿಂತಿತು. ಗೇಟು ಪೂರ್ತಿ ತೆರೆದಿತ್ತು. ಬಂದವರೆಲ್ಲ ನೇರ ಒಳಗೆ ಹೋಗಿ ಕೊನೆಯ ಸಲ ಅಪ್ಪನ ಮುಖ ನೋಡಿ ಬರುತ್ತಿದ್ದರು. ಆ ದಪ್ಪ ಮೀಸೆಯ ಮುದುಕ ಮಾತ್ರ ಬೆಳಗಿನಿಂದ ಚರಂಡಿಯ ಕಲ್ಲಿನ ಮೇಲೇ ನಿಂತಿದ್ದ.

“ಮಾಮ, ಅದ್ಯಾರು?”

ಅಪ್ಪ ರೆಫರಿಯಾಗಿದ್ದ ಫುಟ್‌ಬಾಲ್ ಆಟಗಳಲ್ಲೆಲ್ಲ ಗೆರೆಯ ಪಕ್ಕ ಬಾವುಟ ಹಿಡಿದು ಓಡಿದವರು ಈ ಬಾವುಟದ ಮಾಮ. ಕತ್ತು ಉದ್ದ ಮಾಡಿ ನೋಡಿದರು.

“ಅಯ್ಯೋ, ಗಂಟಲು ಕೋಚು! ನಿಮ್ಮಪ್ಪ ರೆಡ್ ಕಾರ್ಡ್ ತೋರಿಸಿದ್ನಲ್ಲ, ಅವನೇ.”

“ಅಷ್ಟು ಹಗೆ ಇಟ್ಕೊಂಡೋರು ಇಲ್ಲಿಗ್ಯಾಕೆ ಬಂದ್ರು?”

“ಹೋಗಿದ್ದು ನಿಜವಾ ಅಂತ ಖಾತ್ರಿ ಮಾಡ್ಕೊಳ್ಳೋಕಿರಬೇಕು.” ಮಾಮ ನಗಲು ಹೋಗಿ ಕಣ್ಣೊರೆಸಿಕೊಂಡರು.

*

ಆ ಆಟ ಅವಳಿಗೂ ನೆನಪಿತ್ತು. ಈ ಕೋಚಿನ ಎದುರು ತಂಡದವನೊಬ್ಬ ಗೆರೆಯಾಚೆಯಿಂದ ಚೆಂಡೆಸೆದ. ಎಲ್ಲರನ್ನೂ ದಾಟಿ ಒಂಟಿಯಾಗಿ ನಿಂತಿದ್ದವನು ಅದನ್ನು ಗೋಲಿಗೆ ತೂರಿದ. ಕೋಚು ಆಫ್‌ಸೈಡ್, ಈ ಗೋಲು ಸಲ್ಲದು ಎಂದು ಅರಚುತ್ತ ಬಂದ.

“ಕೈಯಿಂದ ಎಸೆದು ಕೊಟ್ಟ ಚೆಂಡಿಗೆ ಆಫ್‌ಸೈಡ್ ಇಲ್ಲ ಸ್ವಾಮಿ,” ಎಂದರು ಅಪ್ಪ.

“ನನಗೇ ಪಾಠನಾ? ಕಣ್ಣು ಯಾರಿಗೆ ಮಾರ್ಕೊಂಡ್ರಿ?”

ಕೆಂಪು ಕಾರ್ಡು ಹೊರಬಂತು, ಕೋಚು ಮೈದಾನದಾಚೆ ಹೋಗಬೇಕಾಯಿತು. ಮುಂದೆ ಅಪ್ಪನ ಆಟಗಳಿಗೆಲ್ಲ ಅವನು ಬೇಲಿಯಾಚೆಯಿಂದಲೇ ತನ್ನ ಹುಡುಗರಿಗೆ ಕೂಗಿ ಹೇಳುತ್ತಿದ್ದ.

ಯಾರು ಬೈದರೂ ಕೊಡವಿಕೊಳ್ಳುತ್ತಿದ್ದ ಅಪ್ಪನಿಗೆ ಇದೊಂದು ಮುಳ್ಳಿನಂತೆ ಉಳಿಯಿತು. ಕಾಲುಚೀಲ ಬಿಚ್ಚುತ್ತ ಅಮ್ಮನಿಗೆ ಹೇಳುತ್ತಿದ್ದರು: “ಇವತ್ತೂ ಒಳಗೆ ಬರಲಿಲ್ಲ ಕಣೇ. ನನ್ನ ಮುಖ ಕಂಡರಾಗಲ್ಲ ಅವನಿಗೆ. ಅಂಥದ್ದೇನು ಮಾಡಿದೆ ನಾನು?”

ಹಾಸಿಗೆ ಹಿಡಿದ ಮೇಲೂ ಅದೇ ಮಾತು. ಪೆಟ್ಟು ತಿಂದು ಹೊರಹೋದ ಆಟಗಾರನನ್ನು ತೋಳು ನೀಡಿ, ಗಾಳಿಯನ್ನೇ ಎಳೆದುಕೊಳ್ಳುವಂತೆ ಬೀಸಿ ಮತ್ತೆ ಆಟಕ್ಕೆ ಕರೆಯುತ್ತಿದ್ದ ಮನುಷ್ಯ. ಕೆಸರುಗಾಲಲ್ಲಿ ಹೊಸ್ತಿಲಾಚೆ ಹೆದರಿ ನಿಂತ ಮಗಳನ್ನೂ ಹಾಗೆಯೇ ಕರೆಯುತ್ತಿದ್ದರು.

*

ವ್ಯಾನು ಬಂತು. “ಹೊತ್ತಾಯ್ತು, ಎತ್ತೋಣ,” ಎಂದ ಅಣ್ಣ.

“ಒಂದು ನಿಮಿಷ ಇರೋ.” ಅವಳು ಗೇಟಿಗೆ ಓಡಿದಳು. ಮಾಮ ಹಿಂದೆಯೇ ಬಂದರು.

“ಒಳಗೆ ಬನ್ನಿ. ಅಪ್ಪನ್ನ ಕರ್ಕೊಂಡು ಹೊರಟುಬಿಡ್ತಾರೆ.”

“ಬರೋ ಹಾಗಿಲ್ಲಮ್ಮ.”

“ಇನ್ನೂ ಕೋಪನಾ?”

“ಕೋಪ ಅವತ್ತು ಸ್ನಾನ ಮಾಡೋಷ್ಟರಲ್ಲೇ ಇಳೀತು ತಾಯಿ. ಬಾಯಿಗೆ ಬಂದಂಗೆ ಅಂದಿದ್ದೆ, ಕಳಿಸಿದ್ರು, ಸರಿ. ಆದ್ರೆ ಕಳಿಸಿದ ರೆಫರಿನೇ ಕೈ ಬೀಸಿ ಕರೀಬೇಕಲ್ವಾ? ಅಲ್ಲೀವರೆಗೂ ಗೆರೆ ದಾಟಬಾರದು. ರೂಲ್ಸು.” ಮೀಸೆ ನಡುಗಿತು. “ಪ್ರತಿ ಆಟದಲ್ಲೂ ಅವರ ಕೈನೇ ನೋಡ್ತಿದ್ದೆ. ಕರೀಲೇ ಇಲ್ಲ.”

ಮಾಮ ಹಣೆ ಚಚ್ಚಿಕೊಂಡು ಅವಳ ಕಿವಿಯಲ್ಲಿ ಪಿಸುಗುಟ್ಟಿದರು: “ಅದು ಪೆಟ್ಟಾಗಿ ಹೊರಗೆ ಹೋದೋರಿಗೆ ಕಣೇ! ಕಾರ್ಡ್ ತಿಂದೋನನ್ನ ಯಾರೂ ಕರೆಯಲ್ಲ, ಮುಂದಿನ ಆಟಕ್ಕೆ ಅವನೇ ಬರ್ತಾನೆ. ಇಷ್ಟು ವರ್ಷ ಈ ಪೆದ್ದ...”

“ಈಗ ಬೇಡ ಮಾಮ.”

ಅವಳು ಹಿಂದಿರುಗಿ ಅಂಗಳದ ನಡುವೆ ನಿಂತಳು. ಅಪ್ಪನನ್ನು ಹೊತ್ತವರು ಬಾಗಿಲಿಗೆ ಬಂದಾಗಿತ್ತು. ಬಲತೋಳನ್ನು ಗೇಟಿನ ಕಡೆಗೆ ಪೂರ್ತಿ ನೀಡಿ, ಗಾಳಿಯನ್ನು ಎಳೆದುಕೊಳ್ಳುವಂತೆ ಬೀಸಿದಳು.

ಮುದುಕ ಅಂಗಿ ಒಳಗೆ ಸಿಕ್ಕಿಸಿಕೊಂಡ. ಬಗ್ಗಿ ಬೂಟಿನ ದಾರ ಬಿಗಿದ. ಹೊತ್ತವರು ನಿಂತರು, ಕುರ್ಚಿಗಳು ಸರಿದು ದಾರಿಯಾಯಿತು. ಮಂಡಿನೋವಿನ ಕಾಲುಗಳನ್ನು ಎತ್ತಿ ಎತ್ತಿ ಹಾಕುತ್ತ, ಅವನು ಗೇಟು ದಾಟಿ ಓಡೋಡಿ ಬಂದ.